ಚೌಕಾಸಿ ಮಾಡದವರ ಹಾರ್ಮೋನಿಯಂ

ರವೀಂದ್ರ ಮೊಬೈಲಿನಲ್ಲಿ ಹಳೆಯ ವಸ್ತುವೊಂದನ್ನು ಕೊಳ್ಳಲು ಹೊರಟರೆ ಅವರ ಮೊದಲ ಸಂದೇಶ 'ಮಾನ್ಯರೇ' ಎಂದು ಶುರುವಾಗುತ್ತದೆ. ಅದರ ಕೆಳಗೆ 'ವಿಷಯ' ಎಂದು ಬರೆದು, 'ತಾವು ಮಾರಾಟಕ್ಕಿಟ್ಟಿರುವ ಹಿತ್ತಾಳೆ ಟಿಫಿನ್ ಕ್ಯಾರಿಯರ್ ಕುರಿತು' ಎಂದು ಸೇರಿಸುತ್ತಾರೆ. ಪಾಂಡವಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತರಾಗಿರುವ ಅವರಿಗೆ ಬೇರೆ ರೀತಿಯಲ್ಲಿ ಬರೆಯಲು ಕೈ ಓಡುವುದಿಲ್ಲ. ಎರಡು ವರ್ಷದ ಹಿಂದೆ ನಾಗಮಂಗಲದ ಒಬ್ಬರು ಗೋಡೆ ಗಡಿಯಾರದ ಫೋಟೊ ಹಾಕಿದ್ದರು. ರವೀಂದ್ರರ ಪತ್ರ ತಲುಪಿದ ಹತ್ತು ನಿಮಿಷದಲ್ಲಿ ಫೋಟೊ ಮಾಯವಾಯಿತು, ಫೋನು ಸ್ವಿಚ್ ಆಫ್ ಆಯಿತು. ಯಾವುದೋ ಇಲಾಖೆಯಿಂದ ನೋಟಿಸು ಬಂದಿದೆ ಎಂದು ಹೆದರಿ ಆ ಮನುಷ್ಯ ಗಡಿಯಾರವನ್ನು ಅಟ್ಟಕ್ಕೆ ಏರಿಸಿದ್ದ ಸಂಗತಿ ತಿಂಗಳ ಮೇಲೆ ತಿಳಿಯಿತು.

ಹಳೆಯದನ್ನು ಮಾರುವವರ ಮನಸ್ಸು ನೋಯಬಾರದು ಎಂಬುದು ರವೀಂದ್ರರ ನಂಬಿಕೆ. 'ಲಾಸ್ಟ್ ಎಷ್ಟು' ಎಂದು ಅವರು ಯಾರನ್ನೂ ಕೇಳಿದವರಲ್ಲ. ನಾಲ್ಕು ಗಂಟೆಗೆ ಬರುತ್ತೇನೆಂದರೆ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬೀದಿಯ ತುದಿಯಲ್ಲಿ ನಿಂತಿರುತ್ತಾರೆ. ಊಟದ ಹೊತ್ತಿನಲ್ಲಂತೂ ಹೋಗುವುದಿಲ್ಲ. ಈ ಕಡೆಯ ಮನೆಗಳಲ್ಲಿ ಆ ಹೊತ್ತಿಗೆ ಹೋದವರಿಗೆ ತಟ್ಟೆ ಇಟ್ಟೇ ಇಡುತ್ತಾರೆ. ಉಂಡ ಮೇಲೆ ಅವರಿಗೆ ಬೆಲೆ ಹೇಳಲು ಸಂಕೋಚ, ಇವರಿಗೆ ಬೇಡವೆನ್ನಲು ಸಂಕೋಚ. ವಸ್ತುವನ್ನು ಸುತ್ತಿ ತರಲು ಮನೆಯಿಂದಲೇ ಹಳೆ ಸೀರೆ ಒಯ್ಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, 'ಇದನ್ನು ಮಾರಲು ಮನೆಯವರೆಲ್ಲರ ಒಪ್ಪಿಗೆ ಇದೆಯೇ?' ಎಂದು ಕೇಳುತ್ತಾರೆ.

ಈ ಪ್ರಶ್ನೆಯಿಂದಲೇ ಮೇಲುಕೋಟೆಯಲ್ಲಿ ಒಂದು ವಾಲ್ವ್ ರೇಡಿಯೊ ಕೈತಪ್ಪಿತು. ಮೂಲೆಯಲ್ಲಿ ಹದಿನೈದು ವರ್ಷ ದೂಳು ತಿನ್ನುತ್ತಿದ್ದ ರೇಡಿಯೊ ಅದು. ಒಪ್ಪಿಗೆಯ ಪ್ರಶ್ನೆ ಬಂದ ಮೇಲೆ ಅಣ್ಣತಮ್ಮಂದಿರಿಬ್ಬರಿಗೂ ಅದರ ಮೇಲೆ ಮಮತೆ ಹುಟ್ಟಿತು. ಈಗ ಅದು ಆರು ತಿಂಗಳು ಅಣ್ಣನ ಮನೆಯಲ್ಲಿ, ಆರು ತಿಂಗಳು ತಮ್ಮನ ಮನೆಯಲ್ಲಿ ಇರುತ್ತದೆ. ಎರಡು ಕಡೆಯೂ ಹಾಡುವುದಿಲ್ಲ.

"ನಮ್ಮೋರು ಒಂದು ಸಾಮಾನು ತರಕ್ಕೆ ಹೋದ್ರೆ ಮೂರು ಸಾಮಾನು ಬಿಟ್ಟು ಬರ್ತಾರೆ" ಎಂದು ಹೆಂಡತಿ ಅನು ಹೇಳುತ್ತಾರೆ. ಅನು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಸಂತೆಯಲ್ಲಿ ಅವರು ದೂರದಲ್ಲಿ ಬರುವುದು ಕಂಡರೆ ಸೊಪ್ಪಿನವರು ಮೊದಲೇ ಐದು ರೂಪಾಯಿ ಹೆಚ್ಚು ಹೇಳಿ ಸಿದ್ಧರಾಗುತ್ತಾರೆ. ಗಂಡ ಅದೇ ಸಂತೆಗೆ ಹೋದ ದಿನ ಅದೇ ಸೊಪ್ಪಿನವರಿಗೆ ಹಬ್ಬ.

ಇಷ್ಟಾಗಿಯೂ ಹನ್ನೊಂದು ವರ್ಷಗಳಲ್ಲಿ ಎರಡು ರೇಡಿಯೊ, ಒಂದು ಹಿತ್ತಾಳೆ ಕಾಫಿ ಫಿಲ್ಟರ್, ಪಿಂಗಾಣಿ ಜಾಡಿಗಳು, ಒಂದು ಸೀಮೆಎಣ್ಣೆ ಗ್ಯಾಸ್‌ಲೈಟು ಅವರ ಮನೆ ಸೇರಿವೆ. ಇಷ್ಟೂ ವರ್ಷ ಹುಡುಕಿ ಸಿಗದೇ ಇದ್ದದ್ದು ಒಂದೇ: ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ.

ಅದು ಅಲಂಕಾರಕ್ಕೆ ಬೇಕಾದದ್ದಲ್ಲ. ರವೀಂದ್ರರ ಊರಿನಲ್ಲಿ ಪ್ರತಿವರ್ಷ ಬೇಸಿಗೆಯ ಆರಂಭದಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಟ್ರಾಕ್ಟರು ಓಡಿಸುವವರು, ಡೈರಿಗೆ ಹಾಲು ಹಾಕುವವರು ಕಿರೀಟ ಕಟ್ಟಿ ಬೆಳಗಿನವರೆಗೆ ಹಾಡುತ್ತಾರೆ. ಅವರ ಹಾಡಿಗೆ ಹಾರ್ಮೋನಿಯಂ ನುಡಿಸುವವರೇ ನಾಟಕದ ಮೇಷ್ಟ್ರು. ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯಾದರೆ ಎಡಗೈ ತಿದಿ ಒತ್ತುವುದಕ್ಕೇ ಹೋಗುತ್ತದೆ. ಮೈಕು ಹಿಡಿದು ಗಂಟಲು ಬಿಚ್ಚಿ ಹಾಡುವ ರಾಜನ ಪಾತ್ರಧಾರಿಗೆ ಆ ಸದ್ದು ಸಾಲುವುದಿಲ್ಲ. ಕಾಲಿನ ಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ, ಆದರೆ ಪೆಟ್ಟಿಗೆಯ ಜೊತೆಗೆ ಅದರ ಮೇಷ್ಟ್ರೂ ಬರುತ್ತಾರೆ. ಹಾಗಾಗಿ ರವೀಂದ್ರ ಹತ್ತು ವರ್ಷ ಅಭ್ಯಾಸದ ದಿನಗಳಲ್ಲಿ ಕೈಪೆಟ್ಟಿಗೆ ನುಡಿಸಿ, ನಾಟಕದ ದಿನ ಕುರ್ಚಿಯಲ್ಲಿ ಕೂತು ನೋಡಿದವರು. ಈ ಸಲ ಊರಿನವರು ಒಂದು ಮಾತು ಹೇಳಿದ್ದರು. ಮಾರ್ಚಿನೊಳಗೆ ಸ್ವಂತ ಪೆಟ್ಟಿಗೆ ತಂದರೆ ಪೂರಾ ನಾಟಕ ಅವರದೇ, ಇಲ್ಲದಿದ್ದರೆ ಬಾಡಿಗೆಯವರಿಗೆ ಫೋನು. ರವೀಂದ್ರರಿಗೆ ಐವತ್ತೊಂದು ವರ್ಷ. ಇಂಥ ಮಾತು ಇನ್ನೊಂದು ಸಲ ಬರುತ್ತದೆಂಬ ಭರವಸೆ ಅವರಿಗಿರಲಿಲ್ಲ.

ಜನವರಿಯ ಎರಡನೇ ವಾರ ಫೋಟೊ ಕಂಡಿತು. ಬೂಕನಕೆರೆಯ ಮನೆಯೊಂದರ ನಡುಮನೆ. ಹಾರ್ಮೋನಿಯಮ್ಮಿನ ಮೇಲೆ ಮಡಿಸಿಟ್ಟ ಬಟ್ಟೆಗಳ ರಾಶಿ, ಅದರ ಮೇಲೆ ಒಂದು ಹೆಲ್ಮೆಟ್ಟು. ಬೆಲೆ ಹನ್ನೆರಡು ಸಾವಿರ. ಫೋಟೊ ಹಾಕಿದ್ದು ಕೆ.ಆರ್. ಪೇಟೆಯಲ್ಲಿ ಬಿ.ಕಾಂ. ಓದುವ ಸ್ನೇಹ. ಪೆಟ್ಟಿಗೆ ಅವಳ ತಾತ ದೇವಯ್ಯನವರದು. ನಲವತ್ತು ವರ್ಷ ಸುತ್ತಲ ಊರುಗಳಿಗೆ ನಾಟಕ ಕಲಿಸಿದ ಅವರು ಆರು ವರ್ಷದ ಹಿಂದೆ ತೀರಿಕೊಂಡಿದ್ದರು. ಮಾರುವ ತೀರ್ಮಾನ ಅವರ ಹೆಂಡತಿ ಮಾಯಮ್ಮನದು. ಎಪ್ಪತ್ತನಾಲ್ಕು ವರ್ಷದ ಮಾಯಮ್ಮ ಅಂಗಳದಲ್ಲಿ ಈಗಲೂ ಎರಡು ಎಮ್ಮೆ ಕಟ್ಟಿದ್ದಾರೆ.

ರವೀಂದ್ರ ಪತ್ರ ಕಳಿಸಿದರು. ಒಪ್ಪಿಗೆಯ ಪ್ರಶ್ನೆಗೆ ಸ್ನೇಹ 'ಹೂಂ ಅಂಕಲ್, ಅಜ್ಜೀನೇ ಹೇಳಿದ್ದು' ಎಂದಳು. ಅಷ್ಟಕ್ಕೆ ಸುಮ್ಮನಿದ್ದರೆ ವ್ಯವಹಾರ ಅಂದೇ ಮುಗಿಯುತ್ತಿತ್ತು. ಆದರೆ ರವೀಂದ್ರರ ಎರಡನೇ ಪತ್ರ ಹೀಗಿತ್ತು: 'ತಾವು ತಿಳಿಸಿದ ದರಕ್ಕೆ ನನ್ನ ಸಂಪೂರ್ಣ ಸಮ್ಮತಿ ಇದೆ. ಆದಾಗ್ಯೂ ಇಂಥ ಪೆಟ್ಟಿಗೆಗೆ ಹೊರಗೆ ಹದಿನೆಂಟು ಸಾವಿರದವರೆಗೂ ದೊರೆಯುವ ಸಾಧ್ಯತೆ ಇರುವುದರಿಂದ, ತಾವು ಮನೆಯಲ್ಲಿ ಚರ್ಚಿಸಿ ಮರುಪರಿಶೀಲಿಸಬಹುದಾಗಿ ವಿನಂತಿ.'

ಇದನ್ನು ಸ್ನೇಹ ಜೋರಾಗಿ ಓದಿದಳು. ಅವಳ ಅಪ್ಪ ಶಂಕರ್ ಎರಡು ಸಲ ಓದಿಸಿಕೊಂಡ.

"ಕೊಳ್ಳೋನೇ ಜಾಸ್ತಿ ತಕ್ಕಳಿ ಅಂತಾವ್ನಾ?"

"ಹೂಂ ಅಪ್ಪ. ಚೌಕಾಸಿನೂ ಮಾಡ್ನಿಲ್ಲ."

"ಅಂಗಾದ್ರೆ ಅದ್ರೊಳ್ಗೆ ಏನೋ ಅದೆ ಕಣವ್ವ" ಎಂದ ಶಂಕರ್, ಅಮ್ಮ ಮಾಯಮ್ಮನ ಕಡೆ ತಿರುಗಿ.

ಶಂಕರ್ ದಡ್ಡನಲ್ಲ. ಹಳೆಯ ರೇಡಿಯೊ, ಹಳೆಯ ಹೊಲಿಗೆ ಯಂತ್ರಗಳ ಒಳಗೆ ಕೋಟಿ ಬೆಲೆಯ ಕೆಂಪು ಪಾದರಸ ಇರುತ್ತದೆ ಎಂಬ ವಿಡಿಯೊಗಳು ಫೋನಿನಿಂದ ಫೋನಿಗೆ ಓಡಾಡುತ್ತಲೇ ಇರುತ್ತವೆ. ಅವನು ಅದನ್ನು ನಂಬಿದವನೂ ಅಲ್ಲ. ಆದರೆ ಚೌಕಾಸಿ ಮಾಡದ ಗಿರಾಕಿಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಪಾದರಸಕ್ಕಿಂತ ಇದು ಅವನಿಗೆ ದೊಡ್ಡ ಪುರಾವೆಯಾಗಿ ಕಂಡಿತು.

ಮಧ್ಯಾಹ್ನ ಪೂರ್ತಿ ಅಪ್ಪ ಮಗಳು ಸ್ಕ್ರೂ ಬಿಚ್ಚಿದರು. ಒಳಗೆ ಸಿಕ್ಕಿದ್ದು ಒಂದು ಹೇರ್‌ಪಿನ್ನು, ಹಲ್ಲಿಯ ಮೊಟ್ಟೆಯ ಸಿಪ್ಪೆ, ಮತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನವಾಗಿಟ್ಟ ಅರ್ಧ ಕಟ್ಟು ಬೀಡಿ. ಮಾಯಮ್ಮ ಬೀಡಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು.

"ಬುಟ್ಬುಟ್ಟೆ ಅಂತ ದೇವ್ರ ಮುಂದೆ ಆಣೆ ಮಾಡಿದ್ದ ಮುಂಡೇದು" ಎಂದರು. ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಬೀಡಿಯನ್ನು ಮಾತ್ರ ಎಸೆಯಲಿಲ್ಲ.

ಬಿಚ್ಚಿದಷ್ಟು ಸುಲಭವಾಗಿ ಪೆಟ್ಟಿಗೆ ಕೂಡಿಕೊಳ್ಳಲಿಲ್ಲ. ಶಂಕರ್ ಬಲವಾಗಿ ಒತ್ತಿದಾಗ ತಿದಿಯ ಬಟ್ಟೆ ಒಂದು ಗೇಣು ಹರಿಯಿತು. ಸಂಜೆ ಸ್ನೇಹ ರವೀಂದ್ರರಿಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು, 'ಸಾರಿ ಅಂಕಲ್, ಈಗ ಸೌಂಡು ಬರ್ತಿಲ್ಲ' ಎಂದು ಮುಗಿಸಿದಳು.

ಉತ್ತರ ಕೂಡಲೇ ಹೋಯಿತು. 'ಬೇಸರಿಸಿಕೊಳ್ಳಬಾರದಾಗಿ ಕೋರಿಕೆ. ಭಾನುವಾರ ಸಂಜೆ ನಾಲ್ಕಕ್ಕೆ ಬರುತ್ತೇನೆ. ದರದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.'

ಅನು ಅದನ್ನು ಗಂಡನ ಭುಜದ ಮೇಲಿಂದ ಓದಿದರು. "ಹರಿದು ಹೋಗಿದ್ರೂ ಅದೇ ರೇಟಾ?"

"ಅವರಿಗೆ ಬೇಜಾರಾಗಿರ್ತದೆ. ಅದರ ಮೇಲೆ ನಾನೂ ಕಮ್ಮಿ ಮಾಡು ಅಂದ್ರೆ ಚೆಂದವಾ?"

"ಭಾನುವಾರ ನಾನೂ ಬರ್ತೀನಿ" ಎಂದರು ಅನು.

ಪಕ್ಕದ ಮನೆಯ ಕೆಂಪಣ್ಣನ ಲಗೇಜ್ ಆಟೊದಲ್ಲಿ ಮೂವರೂ ಹೊರಟರು. ಚಿನಕುರಳಿ ದಾಟಿ ಬೂಕನಕೆರೆ ತಲುಪಿದಾಗ ಮೂರು ಮುಕ್ಕಾಲು. ರವೀಂದ್ರ ಹದಿನೈದು ನಿಮಿಷ ಬೀದಿಯ ತುದಿಯಲ್ಲೇ ಆಟೊ ನಿಲ್ಲಿಸಿದರು. "ಬಾಗ್ಲು ತಕ್ಕೊಂಡೇ ಅದೆ ಕಣಣ್ಣ, ಅಜ್ಜಿ ನಮ್ಮನ್ನೇ ನೋಡ್ತಾ ಕೂತದೆ" ಎಂದ ಕೆಂಪಣ್ಣ. ರವೀಂದ್ರ ಗಡಿಯಾರ ನೋಡಿಕೊಂಡರೇ ಹೊರತು ಇಳಿಯಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಜಗಲಿ ಹತ್ತಿ ನಡುಮನೆಗೆ ಬಂದರು. ಮಾಯಮ್ಮ ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತರು. ಪೆಟ್ಟಿಗೆ ಗೋಡೆಗೆ ಒರಗಿತ್ತು. ರವೀಂದ್ರ ಅದರ ಕಡೆ ಹೆಚ್ಚು ನೋಡಲಿಲ್ಲ. ಜೇಬಿನಿಂದ ಕವರು ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ಏನಿದು?"

"ಹನ್ನೆರಡು ಸಾವಿರ ಅವ್ವ. ತಾವು ಹೇಳಿದ್ದು."

"ಪೆಟ್ಗೆ ನೋಡ್ದಾ?"

"ನೋಡೋದೇನು ಅವ್ವ, ತಮ್ಮ ಮಾತೇ ಸಾಕು."

ಮಾಯಮ್ಮ ಕವರು ಮುಟ್ಟಲಿಲ್ಲ. "ತಿದಿ ಅರ್ದೋಗದೆ ಅಂತ ಮಗ ಬರ್ದವ್ಳಲ್ಲ, ಓದ್ನಿಲ್ವಾ?"

"ಓದಿದೆ ಅವ್ವ. ಪರವಾಗಿಲ್ಲ."

"ಏನ್ ಪರವಾಗಿಲ್ಲ?" ಮುದುಕಿಯ ಧ್ವನಿ ಏರಿತು. "ನಾನು ಐವತ್ತು ವರ್ಷದಿಂದ ಎಮ್ಮೆ ಮಾರಿವ್ನಿ, ಕೊಂಡಿವ್ನಿ. ಬಂದೋನು ಕೆಚ್ಚಲು ಮುಟ್ದೆ, ಅಲ್ಲು ಎಣಿಸ್ದೆ, ತಕ್ಕೊ ದುಡ್ಡು ಅಂದ್ರೆ ಅದು ಮರ್ವಾದೆ ಅಲ್ಲ ಕಣಪ್ಪ. ನೀನು ಪೆಟ್ಗೆ ನೋಡಾಕ್ ಬಂದಿಲ್ಲ. ಗಂಡ ಸತ್ತೋಳು ಅಂತ ನನ್ ನೋಡಿ ಅಯ್ಯೋ ಪಾಪ ಅನ್ನಾಕ್ ಬಂದಿದ್ದೀಯ. ನಾನು ಕೊಡಾಕಿಲ್ಲ."

ರವೀಂದ್ರ ಕವರನ್ನು ಹಿಡಿದ ಹಾಗೇ ಕೂತರು.

ಶಂಕರ್ ಬಾಗಿಲಿನಿಂದ ವಿಷಯ ಬಿಡಿಸಿ ಹೇಳಿದ. ಶ್ರೀರಂಗಪಟ್ಟಣದ ಕಡೆಯ ಒಂದು ರೆಸಾರ್ಟಿನವರು ನಿನ್ನೆ ಬಂದಿದ್ದರಂತೆ. ಒಂದು ಗಂಟೆ ಪೆಟ್ಟಿಗೆಯ ಸುತ್ತ ತಿರುಗಿ, ಬಗ್ಗಿ, ತಟ್ಟಿ, ಒಂಬತ್ತು ಸಾವಿರಕ್ಕೆ ಇಳಿಸಿದ್ದಾರೆ. ಮಂಗಳವಾರ ಗಾಡಿ ತರುತ್ತಾರೆ. ಸದ್ದು ಬರದಿದ್ದರೂ ಅವರಿಗೆ ತೊಂದರೆಯಿಲ್ಲ, ಬಾಗಿಲ ಪಕ್ಕ ಇಟ್ಟು ಮೇಲೆ ಹೂವಿನ ಕುಂಡ ಇಡುತ್ತಾರೆ.

"ಹೂವಿನ ಕುಂಡವಾ!" ರವೀಂದ್ರರ ಬಾಯಿಂದ ತಡೆಯದೆ ಬಂತು. "ಅವ್ವ, ಇದು ನಾಟಕದ ಪೆಟ್ಟಿಗೆ. ಮಾರ್ಚಿಗೆ ನಮ್ಮೂರಲ್ಲಿ ನಾಟಕ ಅದೆ. ಇದಿಲ್ದಿದ್ರೆ ನಾನು ನುಡಿಸೋ ಹಾಗಿಲ್ಲ."

"ಕುಂಡನಾರ ಮಡಗ್ಲಿ, ತೊಟ್ಲಾರ ಮಡಗ್ಲಿ. ಅವ್ನು ಕಣ್ಬುಟ್ಟು ನೋಡ್ದ, ಬಾಯ್ಬುಟ್ಟು ಕೇಳ್ದ. ನಾನೂ ಬಾಯ್ಬುಟ್ಟು ಬೈದೆ. ಅದು ಯಾಪಾರ."

ಆಗ ಅನು ಎದ್ದರು. "ಅವ್ವ, ನಮ್ಮೋರ್ಗೆ ಬರಕ್ಕಿಲ್ಲ ಅದು. ಹುಟ್ಟಿದಾಗಿಂದ ಬಂದಿಲ್ಲ. ಒಂದತ್ತು ನಿಮಿಷ ಕೊಡಿ, ಕಲಿಸ್ಕೊಂಡ್ ಬರ್ತೀನಿ."

ಮಾಯಮ್ಮ ಮುಖ ಗಂಟು ಹಾಕಿಕೊಂಡೇ ಕೈ ಬೀಸಿದರು. "ಕರ್ಕೊಂಡೋಗು. ಎಮ್ಮೆ ಕರ್ಯೋ ಒತ್ಗೆ ಮುಗೀಬೇಕು."

ಆಟೊದ ನೆರಳಲ್ಲಿ ಪಾಠ ನಡೆಯಿತು. ಕೆಂಪಣ್ಣ ಸೀಟಿನಲ್ಲಿ ಕೂತು ಕೇಳಿಸಿಕೊಂಡ.

"ನಾನು ಆ ಅವ್ವ ಅಂದ್ಕೊಳ್ಳಿ. ಹನ್ನೆರಡು ಸಾವಿರ. ನೀವೇನಂತೀರಿ?"

ರವೀಂದ್ರ ಯೋಚಿಸಿದರು. "ಹನ್ನೊಂದು ಸಾವಿರದ ಒಂಬೈನೂರು?"

"ಅಯ್ಯೋ ನಿಮ್ಮ! ಎಂಟು ಅನ್ನಿ."

"ಎಂಟು ಅಂದ್ರೆ ಎದ್ದು ಹೋಗು ಅಂದ್ರೆ?"

"ಈಗೇನು ಕೂತ್ಕೋ ಅಂದವ್ರಾ?"

ಕೆಂಪಣ್ಣ ನಕ್ಕ. "ಅಕ್ಕ, ಅಣ್ಣನ್ನ ಅಲ್ಲೇ ಕಟ್ಟಾಕ್ಬುಡಿ, ಪೆಟ್ಗೆ ನೀವು ತಕ್ಕಂಬನ್ನಿ."

"ನೀನ್ ಸುಮ್ನಿರು ಕೆಂಪಣ್ಣ." ಅನು ಗಂಡನ ಕಡೆ ತಿರುಗಿದರು. "ರೇಟು ಬಿಡಿ, ಆಮೇಲೆ ನೋಡನ. ನೀವು ಸ್ಕೂಲಲ್ಲಿ ಬೆಂಚು ಡೆಸ್ಕು ಬಂದಾಗ ಒಂದೊಂದೂ ಚೆಕ್ ಮಾಡ್ತೀರಲ್ಲ, ಕಾಲು ಕುಂಟದಾ, ಮೊಳೆ ಎದ್ದದಾ ಅಂತ? ಹಂಗೇ ಈ ಪೆಟ್ಟಿಗೆ ಚೆಕ್ ಮಾಡಿ. ಕಂಡಿದ್ದನ್ನ ಬಾಯಲ್ಲಿ ಹೇಳಿ. ಅಷ್ಟೇ."

ಅದು ಅವರಿಗೆ ಅರ್ಥವಾಯಿತು.

ಎರಡನೇ ಸಲ ಒಳಗೆ ಬಂದವರು ಚಾಪೆಯ ಮೇಲೆ ಕೂರಲಿಲ್ಲ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಫೋನಿನ ಟಾರ್ಚು ಹಾಕಿದರು. ಹಿಂದಿನ ಹಲಗೆ ಬಿಚ್ಚಿದರು. ಐದು ನಿಮಿಷ ಕಳೆಯುವಷ್ಟರಲ್ಲಿ ಯಾರ ಮನೆಯಲ್ಲಿದ್ದೇನೆ ಎಂಬುದನ್ನೇ ಮರೆತಂತಿತ್ತು.

"ಎಡಗಾಲಿನ ತುಳಿಹಲಗೆಗೆ ಚರ್ಮದ ಪಟ್ಟಿ ಇಲ್ಲ. ನೈಲಾನ್ ಹಗ್ಗ ಕಟ್ಟಿದೆ" ಎಂದರು, ಕಡತಕ್ಕೆ ಟಿಪ್ಪಣಿ ಹಾಕುವ ಧ್ವನಿಯಲ್ಲಿ.

ಮಾಯಮ್ಮ ಮುಂದೆ ಸರಿದು ಕೂತರು. "ಅದು ನನ್ನೆಮ್ಮೆ ಅಗ್ಗ. ನಾಗಮಂಗ್ಲದ ಕಡೆ ನಾಟ್ಕಕ್ಕೆ ಒಂಟಾಗ ಪಟ್ಟಿ ಕಿತ್ತೋಯ್ತು ಅಂತ ಎಮ್ಮೆ ಬುಟ್ಟು ಅಗ್ಗ ತಕ್ಕೊಂಡೋದ. ಬೆಳಗಾಗೋದ್ರೊಳ್ಗೆ ಎಮ್ಮೆ ಪಕ್ಕದೋರ ಉಳ್ಳಿಕಾಳ್ ಒಲ ಮೇಯ್ಕೊಂಡು ಬಂದಿತ್ತು. ನಾಟ್ಕದ ಕಾಸೆಲ್ಲ ಅವ್ರಿಗೇ ಓಯ್ತು. ಅದ್ಕೆ ಐನೂರು ಬುಡ್ತೀನಿ. ಮುಂದ್ಕೇಳು."

"ಬಲಗಡೆ ಮೂಲೆ ಇಲಿ ಕಡಿದಿದೆ."

"ಇಲಿ ಅಲ್ಲ ಅದು, ನಮ್ ಶಂಕ್ರ. ಅಲ್ಲು ಬರೋವಾಗ ಇಡ್ಕೊಂಡು ನಿಂತು ಕಡೀತಿದ್ದ. ಅದ್ಕೊಂದು ಕಾಸೂ ಬುಡಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಶಂಕರ್ ಮೀಸೆಯ ಮೇಲೆ ಕೈ ಆಡಿಸಿಕೊಂಡ. ಸ್ನೇಹ ಹೋಗಿ ಆ ಮೂಲೆಯ ಫೋಟೊ ತೆಗೆದುಕೊಂಡಳು.

"ತಿದಿ ಒಂದು ಗೇಣು ಹರಿದಿದೆ" ಎಂದರು ರವೀಂದ್ರ.

"ಅದೂ ಶಂಕ್ರನೇ" ಎಂದರು ಮಾಯಮ್ಮ. "ಆವಾಗ ಅಲ್ಲು ಬಂದಿತ್ತು, ಬುದ್ದಿ ಬಂದಿರ್ನಿಲ್ಲ. ಈಗ್ಲೂ ಅಂಗೇ."

"ಯವ್ವ, ಬಂದೋರ ಮುಂದೆ..." ಎಂದ ಶಂಕರ್.

"ಸುಮ್ನಿರ್ಲಾ. ಪಾದ್ರಸ ಉಡ್ಕಕ್ ಓದೋನು." ಮಾಯಮ್ಮ ರವೀಂದ್ರರ ಕಡೆ ತಿರುಗಿದರು. "ತಿದಿಗೆ ಎಷ್ಟ್ ಬುಡ್ಬೇಕಂತೀಯ?"

ರವೀಂದ್ರ ಹೆಂಡತಿಯನ್ನು ನೋಡಿದರು. ಅನು ಸೂರು ನೋಡುತ್ತಿದ್ದರು. ರವೀಂದ್ರ ಪೆಟ್ಟಿಗೆಯ ಕಡೆಗೇ ತಿರುಗಿ, "ಮೂರು ಸಾವಿರ ಅವ್ವ" ಎಂದರು. ಐವತ್ತೊಂದು ವರ್ಷದಲ್ಲಿ ಅವರು ಯಾರಿಗೂ ಇಷ್ಟು ಒರಟಾಗಿ ಮಾತಾಡಿರಲಿಲ್ಲ.

"ಮೂರಾ! ಬಾಯ್ಗೆ ಬಂದಂಗೆ ಕೇಳ್ತೀಯಲ್ಲ!" ಮುದುಕಿಯ ಮುಖದಲ್ಲಿ ಆ ಸಂಜೆ ಮೊದಲ ಸಲ ನಗು ಕಂಡಿತು. "ನಿಮ್ಮೂರಲ್ಲಿ ತಿದಿ ಚಿನ್ನದ್ ದಾರ್ದಲ್ಲಿ ಒಲೀತಾರಾ? ಒಂದೂವರೆ."

"ಬಟ್ಟೆ ಹೊಸದಾಗಿ ಹಾಕಿಸ್ಬೇಕು. ಈ ಕೆಲಸ ಗೊತ್ತಿರೋರು ಎಲ್ಲಿದಾರೋ ಹುಡುಕ್ಬೇಕು. ಎರಡೂವರೆ."

"ಎಲ್ಡು. ಎಲ್ಡ್ರ ಮ್ಯಾಲೆ ಒಂದ್ ಬಿಡಿಕಾಸು ಇಲ್ಲ."

ಒಟ್ಟು ಒಂದೂವರೆ ಗಂಟೆ ಹಿಡಿಯಿತು. ಅದರಲ್ಲಿ ಬೆಲೆಯ ಮಾತು ಹತ್ತು ನಿಮಿಷವೂ ಇರಲಿಲ್ಲ. ಉಳಿದದ್ದೆಲ್ಲ ದೇವಯ್ಯ ಯಾವ ಊರಿನಲ್ಲಿ ಯಾರಿಗೆ ಹಾಡು ಕಲಿಸಿದರು, ಯಾರ ಗಂಟಲು ಕೈಕೊಟ್ಟಿತು, ಪರದೆ ಬಿದ್ದಾಗ ಹೇಗೆ ಸಂಭಾಳಿಸಿದರು ಎಂಬುದು. ಹನ್ನೆರಡೇ ಇರಲಿ ಎಂದು ಮೊದಲೇ ಕವರು ತೆಗೆದುಕೊಂಡಿದ್ದರೆ ಇದೊಂದೂ ರವೀಂದ್ರರಿಗೆ ತಿಳಿಯುತ್ತಿರಲಿಲ್ಲ. ಒಂಬತ್ತೂವರೆಗೆ ಮಾತು ನಿಂತಿತು. ರೆಸಾರ್ಟಿನವರಿಗಿಂತ ಐನೂರು ಹೆಚ್ಚು.

"ಅವ್ರಿಗೆ ಮಾತು ಕೊಟ್ಟಿದ್ರಲ್ಲ ಅವ್ವ?" ರವೀಂದ್ರರಿಗೆ ಹಳೆಯ ಚಾಳಿ ಮತ್ತೆ ಕಾಡಿತು.

"ಮುಂಗಡ ಇಸ್ಕೊಂಡಿಲ್ಲ. ನೋಡನ ಅಂದಿದ್ದೆ, ನೋಡ್ದೆ. ಮಗ, ಫೋನ್ ಮಾಡ್ಬುಡು ಅವ್ರಿಗೆ" ಎಂದರು ಮಾಯಮ್ಮ, ಮೊಮ್ಮಗಳಿಗೆ.

ಆಟೊಗೆ ಏರಿಸುವ ಮುಂಚೆ ರವೀಂದ್ರ ಒಂದು ಕೆಲಸ ಮಾಡಿದರು. ಸುತ್ತಲು ತಂದಿದ್ದ ಹಳೆ ಸೀರೆಯ ಅಂಚು ಹರಿದು, ಶಂಕರ್ ತಂದುಕೊಟ್ಟ ಅಂಟು ಬಳಿದು, ತಿದಿಯ ಹರಕಿಗೆ ಎರಡು ಪದರ ತೇಪೆ ಹಾಕಿದರು. ದಾರಿಯಲ್ಲಿ ಹರಕು ದೊಡ್ಡದಾಗಬಾರದೆಂಬುದಷ್ಟೇ ಉದ್ದೇಶ. ಅದು ಒಣಗುವಷ್ಟರಲ್ಲಿ ಮಾಯಮ್ಮ ಎಮ್ಮೆ ಕರೆದು ಬಂದರು, ಕಾಫಿ ಆಯಿತು. ನಾಲ್ಕು ಜನ ಹಿಡಿದು ಪೆಟ್ಟಿಗೆಯನ್ನು ಆಟೊದ ಮೇಲಿಟ್ಟು ಹಗ್ಗ ಬಿಗಿದರು.

"ನುಡ್ಸು" ಎಂದರು ಮಾಯಮ್ಮ.

"ಇಲ್ಲೇನಾ ಅವ್ವ?"

"ಮತ್ತೆಲ್ಲಿ? ಆರು ವರ್ಷಾಯ್ತು ಸದ್ ಕೇಳಿ."

ಸ್ನೇಹ ಹಾಲಿನ ಕ್ಯಾನು ಬೋರಲು ಹಾಕಿಕೊಟ್ಟಳು. ರವೀಂದ್ರ ಆಟೊದ ಮೇಲೆ ಕ್ಯಾನಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಎರಡೂ ಕಾಲು ಹಲಗೆಗಳ ಮೇಲಿಟ್ಟು ತುಳಿದರು. ತೇಪೆಯಿಂದ ಸ್ವಲ್ಪ ಗಾಳಿ ಸೋರಿತು. ಆಮೇಲೆ ಸ್ವರ ಎದ್ದಿತು. ಮೊದಲಿಗೆ ಅಭ್ಯಾಸಬಲದಿಂದ ಎಡಗೈ ತಿದಿ ಹುಡುಕುತ್ತ ಪೆಟ್ಟಿಗೆಯ ಹಿಂದಕ್ಕೆ ಹೋಯಿತು. ಅಲ್ಲಿ ಏನೂ ಸಿಗದೆ ವಾಪಸು ಬಂದು ಬಲಗೈಯ ಪಕ್ಕ ಕೂತಿತು. ರಾಜ ರಂಗಕ್ಕೆ ಬರುವಾಗ ನುಡಿಸುವ ಮಟ್ಟನ್ನು ಅವರು ಎರಡೂ ಕೈಯಲ್ಲಿ ನುಡಿಸಿದರು. ಎದುರು ಮನೆಯವರು ಹೊರಗೆ ಬಂದು ನಿಂತರು. ಮಾಯಮ್ಮ ಜಗಲಿಯ ಕಂಬ ಹಿಡಿದು, ತಲೆ ತಗ್ಗಿಸಿ ಕೇಳಿದರು. ಮುಗಿದಾಗ ಸೆರಗಿನಿಂದ ಮುಖ ಒರೆಸಿಕೊಂಡರು.

"ಆ ತುದೀಲಿರೋ ಬಿಳೀ ಕೀ ಒತ್ತಿ ಬುಟ್ರೂ ಕೂಗ್ತಾನೇ ಇರ್ತದೆ. ಅವ್ನಿದ್ದಾಗ್ಲೂ ಅಂಗೇ" ಎಂದರು. "ಒಳಗೆ ಟಾರ್ಚ್ ಬುಟ್ಟಾಗ ನಿಂಗೆ ಕಾಣ್ನಿಲ್ವಾ?"

ರವೀಂದ್ರ ಕ್ಯಾನಿನ ಮೇಲಿಂದ ಏಳದೆ ಹೇಳಿದರು. "ಕಾಣ್ತು ಅವ್ವ. ಸ್ಪ್ರಿಂಗು ಹೋಗದೆ."

"ಮತ್ಯಾಕೆ ಬಾಯ್ಬುಡ್ನಿಲ್ಲ?"

"ಅಷ್ಟೊತ್ತಿಗೆ ತಿದಿಗೆ ಎರಡು ಸಾವಿರ ಬಿಟ್ಟಿದ್ರಲ್ಲ. ಮತ್ತೆ ಅದನ್ನೂ ಹೇಳೋದು ಸರಿ ಕಾಣ್ಲಿಲ್ಲ."

ಅನು ಹಣೆ ಚಚ್ಚಿಕೊಂಡರು. ಕೆಂಪಣ್ಣ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ.

"ಅದ್ಕೆ ಇನ್ನೈನೂರು ಬುಡ್ತಿದ್ದೆ ಕಣಪ್ಪ" ಎಂದರು ಮಾಯಮ್ಮ. "ಕೇಳ್ತಾನೆ, ಕೇಳ್ತಾನೆ ಅಂತ ಕಾಯ್ಕೊಂಡು ಕೂತಿದ್ದೆ. ಈಗಾಗಾಕಿಲ್ಲ, ಯಾಪಾರ ಮುಗೀತು. ಓಗು, ಕತ್ಲಾಗ್ತದೆ. ನಾಟ್ಕದ ದಿನ ಗಾಡಿ ಕಳ್ಸು, ಬತ್ತೀನಿ."